ಆಚೆ ತೋಳಿನ ನಾಡಿ

ಶುಕ್ರವಾರ ಮಧ್ಯಾಹ್ನ ಒಂದೂ ಇಪ್ಪತ್ತೆಂಟಕ್ಕೆ ನನ್ನ ಎಡತೋಳಿನ ಪಟ್ಟಿ ಬಿಗಿಯಿತು. ಎರಡು ತಿಂಗಳಿಂದ ದಿನವೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬಿಗಿಯುತ್ತಿತ್ತು. ಎದುರಿಗೆ ಕೂತಿದ್ದ ಮುದುಕರ ಹರ್ನಿಯಾ ಆಪರೇಷನ್ನಿನ ಒಪ್ಪಿಗೆ ಪತ್ರ ತುಂಬುತ್ತಿದ್ದೆ. ಪೆನ್ನು ಕೆಳಗಿಟ್ಟು ಬಲಗೈ ಹೆಬ್ಬೆರಳಿನಿಂದ ಪಟ್ಟಿಯನ್ನು ಮೂರು ಸಲ ಒತ್ತಿದೆ. ಎಲ್ಲೋ ಯಾವುದೋ ಊರಿನಲ್ಲಿ, ನಾನು ಮುಖ ಕಂಡಿರದ ಒಬ್ಬ ಮನುಷ್ಯನ ತೋಳಿಗೆ ಅದು ಬೆಚ್ಚಗೆ ತಾಕಿರಬೇಕು. ನಾನಿದ್ದೇನೆ, ತಡೆದುಕೋ ಎಂಬುದಷ್ಟೇ ಅದರ ಅರ್ಥ. ನಾಲ್ಕೈದು ನಿಮಿಷ ಕಳೆದ ಮೇಲೆ ಬಿಗಿತ ಹೋಯಿತು. ನನಗೆ ಬಿ.ಪಿ. ಇದೆಯೇ ಎಂದು ಮುದುಕರು ಕನಿಕರದಿಂದ ಕೇಳಿದರು. ಇದೆ ಎಂದೆ. ಮತ್ತೇನು ಹೇಳಲಿ?

ನನ್ನ ಹೆಸರು ಸುಮಂಗಲಾ ಮೆಣಸಿನಕಾಯಿ. ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹದಿನಾರು ವರ್ಷ ಅರಿವಳಿಕೆ ವೈದ್ಯೆಯಾಗಿದ್ದೆ. ಹೆಸರಿಗೆ ತಕ್ಕ ಖಾರ ಎಂದು ಆಪರೇಷನ್ ಥಿಯೇಟರಿನ ಸಿಸ್ಟರುಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಅವರದೇನೂ ಸುಳ್ಳಲ್ಲ. ರೋಗಿಗೆ ಕೊಟ್ಟು ಉಳಿದ ನೋವಿನ ಔಷಧವನ್ನು ಇನ್ನೊಬ್ಬರ ಕಣ್ಣೆದುರೇ ಚೆಲ್ಲಬೇಕು ಎಂಬುದು ನಮ್ಮಲ್ಲಿ ನಿಯಮ. ನಾನು ನೀರನ್ನು ಚೆಲ್ಲಿ, ಔಷಧವನ್ನು ನನ್ನ ಮೈಗೆ ಚುಚ್ಚಿಕೊಳ್ಳತೊಡಗಿದೆ. ಯಾಕೆ ಎಂದರೆ ಇವತ್ತಿಗೂ ನೆಟ್ಟಗೆ ಉತ್ತರ ಬರುವುದಿಲ್ಲ. ಸುಸ್ತು ಎನ್ನಬಹುದು. ಸೊಕ್ಕು ಎಂದರೆ ಇನ್ನೂ ಸರಿ. ಎಷ್ಟು ಹಾಕಿದರೆ ಏನಾಗುತ್ತದೆ ಎಂದು ನನಗಿಂತ ಬಲ್ಲವರು ಯಾರು ಎಂಬ ಸೊಕ್ಕು. ಒಂದು ದಿನ ಬಟ್ಟೆ ಬದಲಿಸುವ ಕೋಣೆಯ ನೆಲದ ಮೇಲೆ ಉಸಿರಿಲ್ಲದೆ ಬಿದ್ದಿದ್ದೆ. ಅದೇ ಸಿಸ್ಟರುಗಳು ಉಸಿರು ಕೊಟ್ಟು ಬದುಕಿಸಿದರು.

ಹಿಂದಿನ ಕಾಲವಾಗಿದ್ದರೆ ಪರವಾನಗಿ ಕಿತ್ತುಕೊಂಡು ಮನೆಗೆ ಅಟ್ಟುತ್ತಿದ್ದರು. ಈಗ ಜೋಡಿ ಯೋಜನೆ ಬಂದಿದೆ. ಬೇರೆಯವರ ಜೀವವನ್ನು ಕೈಯಲ್ಲಿಟ್ಟುಕೊಂಡು ಪರವಾನಗಿಯ ಮೇಲೆ ದುಡಿಯುವವರು, ಅಂದರೆ ವೈದ್ಯರು, ನರ್ಸುಗಳು, ಪೈಲಟ್ಟುಗಳು, ಲಿಫ್ಟು ತಪಾಸಣೆಯವರು ಇಂಥವರು ಚಟಕ್ಕೆ ಬಿದ್ದರೆ, ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಹೆಸರು, ಊರು, ವೃತ್ತಿ ಯಾವುದನ್ನೂ ಹೇಳುವುದಿಲ್ಲ. ತೋಳಿಗೊಂದು ಪಟ್ಟಿ. ಅದರ ಒಳಮೈ ಬೆವರು, ಚರ್ಮದ ಬಿಸಿ, ನಾಡಿಯ ಓಟ ಮೂರನ್ನೂ ಓದುತ್ತದೆ. ಔಷಧ ಮೈ ಸೇರಿದರೆ ಬೆವರಿನಲ್ಲೇ ಸಿಕ್ಕಿಬೀಳುತ್ತೀರಿ. ಸೇರದೆ ಬರೀ ತುಡಿತ ಎದ್ದರೆ ಆಚೆಯವರ ಪಟ್ಟಿ ಬಿಗಿಯುತ್ತದೆ, ಅವರು ಒತ್ತುತ್ತಾರೆ. ಇಷ್ಟೇ. ಒಬ್ಬಂಟಿಯಾಗಿ ಸೋಲುವವರು ಇಬ್ಬರಾದರೆ ಅಷ್ಟು ಸುಲಭಕ್ಕೆ ಸೋಲುವುದಿಲ್ಲ ಎಂಬುದು ಇದನ್ನು ಕಂಡುಹಿಡಿದವರ ಲೆಕ್ಕ. ಜೊತೆಗೆ ಒಂದು ಕಟ್ಟುಪಾಡು ಇಟ್ಟರು. ಒಬ್ಬರು ಮತ್ತೆ ಚಟಕ್ಕೆ ಬಿದ್ದರೆ ಇಬ್ಬರ ಶುದ್ಧ ದಿನಗಳ ಎಣಿಕೆಯೂ ಸೊನ್ನೆಗೆ.

ಐನೂರು ದಿನ ದಾಟಿದವರಿಗೆ ರಕ್ತ ಪರೀಕ್ಷೆ ನಿಲ್ಲುತ್ತದೆ, ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಮರಳಬಹುದು. ನಮ್ಮಂಥ ಅರಿವಳಿಕೆಯವರಿಗೆ ಮಾತ್ರ ಸಾವಿರ ದಿನ, ಏಕೆಂದರೆ ನಾವು ಮರಳುವುದು ಅದೇ ಔಷಧದ ಕಪಾಟಿನ ಮುಂದಕ್ಕೆ. ಅಲ್ಲಿಯವರೆಗೆ ಕೆಳಗಿನ ಕೋಣೆಯಲ್ಲಿ ಒಪ್ಪಿಗೆ ಪತ್ರ ತುಂಬಬೇಕು. ಆ ಶುಕ್ರವಾರಕ್ಕೆ ನನ್ನದು ಒಂಬೈನೂರ ಅರವತ್ತು ದಿನ ಮುಗಿದಿತ್ತು. ಲಿಫ್ಟಿನಲ್ಲಿ ಥಿಯೇಟರಿನ ಹಸಿರು ಬಟ್ಟೆಯವರು ಕಂಡರೆ ಅವರು ಒತ್ತುವ ಮಹಡಿಯ ಗುಂಡಿಯನ್ನೇ ನೋಡುತ್ತಿದ್ದೆ. ಆ ಕೆಲಸ ಬಿಟ್ಟು ನನಗೆ ಬೇರೇನೂ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ನನ್ನ ಜೋಡಿಯ ಬಗ್ಗೆ ನನಗೆ ಗೊತ್ತಿದ್ದುದು ಅವನ ಬೆರಳು ಮಾತ್ರ. ಗಂಡಸೋ ಹೆಂಗಸೋ ಅದೂ ತಿಳಿಯದು, ಆದರೂ ನನ್ನ ಮನಸ್ಸಿನಲ್ಲಿ ಅವನು ಅವನೇ. ಎರಡು ವರ್ಷ ಅವನು ಒತ್ತುತ್ತಿದ್ದುದು ಟಕಟಕ ಎರಡು ಸಲ, ಮುಗಿಯಿತು ಹೋಗು ಎನ್ನುವ ಹಾಗೆ. ಈಚೆಗೆ ಬದಲಾಗಿತ್ತು. ನನ್ನ ತುಡಿತಕ್ಕೆ ಉತ್ತರವಾಗಿ ಒಂದೇ ಸಲ ಒತ್ತಿ, ಬಿಡದೆ ಹಿಡಿದುಕೊಳ್ಳುತ್ತಿದ್ದ. ನಮ್ಮ ಜೋಡಿ ಮೆತ್ತಗಾಗಿದ್ದಾನೆ ಎಂದು ಮನೆಯಲ್ಲಿ ಹೇಳಿ ನಕ್ಕಿದ್ದೆ.

ಮನೆಯಲ್ಲಿ ನಾನು, ನನ್ನ ಗಂಡ ಶ್ರೀಶೈಲ. ಅವರು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ನಾನು ಬಾಗಿಲು ತಟ್ಟಿದರೆ ಬೆಳಕಿದ್ದರೂ ಟ್ಯೂಬ್‌ಲೈಟು ಹಾಕಿಯೇ ತೆರೆಯುತ್ತಾರೆ. ಚಹಾ ಬೇಕೇ ಎಂದು ಕೇಳುತ್ತ ನನ್ನ ಕಣ್ಣಿನ ಪಾಪೆ ನೋಡುತ್ತಾರೆ. ಔಷಧ ತೆಗೆದುಕೊಂಡರೆ ಪಾಪೆ ಸೂಜಿಮೊನೆಯಷ್ಟಾಗುತ್ತದೆ ಎಂದು ಯಾವುದೋ ಪುಸ್ತಕದಲ್ಲಿ ಓದಿದ್ದಾರೆ. ನೋಡುತ್ತಿದ್ದಾರೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಈ ವಿಷಯ ಒಂದು ದಿನವೂ ನಮ್ಮ ನಡುವೆ ಮಾತಿಗೆ ಬಂದಿರಲಿಲ್ಲ.

ಶನಿವಾರ ಅವರಿಗೆ ಅರ್ಧ ದಿನ, ನನಗೆ ರಜೆ. ಮಧ್ಯಾಹ್ನ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಒಂದೂವರೆಗೆ ಪಟ್ಟಿ ಬಿಗಿಯಿತು, ಸೋಪಿನ ಕೈಯಲ್ಲೇ ಒತ್ತಿದೆ. ಆ ದಿನ ಸ್ನಾನ ಸ್ವಲ್ಪ ತಡವಾಯಿತು. ಹೊರಗಿನಿಂದ ಶ್ರೀಶೈಲ ಬಾಗಿಲು ಬಡಿದು, ಒಳಗೆ ಶಾಂಪೂ ಇದೆಯೋ ಇಲ್ಲವೋ ಎಂದು ಕೇಳಿದರು. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ಅವರು ಶಾಂಪೂವಿನ ಯೋಗಕ್ಷೇಮ ವಿಚಾರಿಸಿದವರಲ್ಲ. ಸಿಟ್ಟು ಬಂತು. ಟವೆಲ್ ಸುತ್ತಿಕೊಂಡು ದಡಕ್ಕನೆ ಬಾಗಿಲು ತೆಗೆದೆ.

ಹದಿನಾರು ವರ್ಷ ಪರರ ಕುತ್ತಿಗೆಯ ನಾಡಿ ನೋಡಿದ ಕಣ್ಣು, ಬೇಡವೆಂದರೂ ಎಣಿಸುತ್ತದೆ. ಅವರ ದವಡೆಯ ಕೆಳಗೆ ನಾಡಿ ನೂರ ಇಪ್ಪತ್ತರ ಮೇಲೆ ಓಡುತ್ತಿತ್ತು. ಹಣೆಯಲ್ಲಿ ಬೆವರು. ನನ್ನ ಮುಖ ಕಂಡದ್ದೇ ತಡ, ನಾಲ್ಕೈದು ಉಸಿರಿನೊಳಗೆ ಆ ಓಟ ಇಳಿಯಿತು. "ಏನಿಲ್ಲ, ಸುಮ್ನ ಕೇಳಿದೆ" ಎಂದು ಒಳಗೆ ಹೋದರು.

ನಾನು ಹಸಿ ಕೂದಲಲ್ಲೇ ಅಲ್ಲೇ ನಿಂತೆ. ಈ ಇಳಿತವನ್ನು ನಾನು ಬಲ್ಲೆ. ಎರಡು ತಿಂಗಳಿಂದ ದಿನವೂ ತೋಳಿನ ಮೇಲೆ ಅನುಭವಿಸುತ್ತಿದ್ದೇನೆ.

ತುಡಿತ ನನಗೆ ಹೊಸದಲ್ಲ. ಅದು ಏರುವುದು ನಿಧಾನ, ಇಳಿಯುವುದು ಇನ್ನೂ ನಿಧಾನ, ಜ್ವರ ಬಿಟ್ಟ ಹಾಗೆ. ತಾಸೆರಡು ತಾಸು ಬೇಕು. ಭಯವೇ ಬೇರೆ. ಬಾಗಿಲು ತೆರೆದು ಮನುಷ್ಯ ನೆಟ್ಟಗೆ ನಿಂತದ್ದು ಕಂಡರೆ ಅದು ಆ ಕ್ಷಣಕ್ಕೆ ಬಿಟ್ಟುಹೋಗುತ್ತದೆ. ಮೊಬೈಲು ತೆಗೆದು ಪಟ್ಟಿಯ ಗೆರೆಗಳನ್ನು ನೋಡಿದೆ. ಅರವತ್ತು ದಿನವೂ ಅದೇ ಆಕಾರ: ಒಂದೂವರೆಗೆ ಏರು, ಐದು ಹತ್ತು ನಿಮಿಷ ಅಲ್ಲೇ ನಿಲ್ಲು, ಆಮೇಲೆ ಒಮ್ಮೆಲೇ ಕೆಳಕ್ಕೆ. ಆಚೆಯ ಪಟ್ಟಿಯಡಿ ಇರುವುದು ಔಷಧಕ್ಕೆ ಹಾತೊರೆಯುವವನ ನಾಡಿಯಲ್ಲ. ಅವನು ಯಾವುದೋ ಬಾಗಿಲ ಒಳಗಿದ್ದಾನೆ. ಅವನ ಪಟ್ಟಿ ಕಟ್ಟಿಕೊಂಡವರು, ಬಹುಶಃ ಹೆಂಡತಿ, ಹೊರಗೆ ನಿಂತು ಕಿವಿಗೊಟ್ಟು ಕೇಳುತ್ತಿದ್ದಾರೆ.

ನಾನು ಎಂಥ ಕೆಲಸ ಮಾಡಿದ್ದೆ! ಪರದೆಯ ಮೇಲೆ ಗೆರೆ ಸಮವಾಗಿದ್ದರೆ ರೋಗಿ ಸುಖವಾಗಿದ್ದಾನೆ ಎಂದು ನಂಬುವುದು ನಮ್ಮ ಕಸುಬಿನ ಜಾಡ್ಯ. ಗೆರೆ ಎದ್ದಾಗಲೆಲ್ಲ ಒತ್ತಿದೆ, ಗೆರೆ ಬಿತ್ತು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒತ್ತಿದ್ದಕ್ಕೆ ತುಡಿತ ಅಡಗಿತು ಎಂದು ಯಂತ್ರವೂ ಬರೆದುಕೊಂಡಿತು. ಅವನ ಸುಳ್ಳಿಗೆ ನಾನೇ ದಿನವೂ ಮೊಹರು ಹಾಕಿಕೊಟ್ಟಿದ್ದೆ.

ಸೋಮವಾರ ಧಾರವಾಡದ ಜೋಡಿ ಕೇಂದ್ರಕ್ಕೆ ಹೋದೆ. ನಮ್ಮ ಜೋಡಿಯ ಮೇಲ್ವಿಚಾರಕರು ಇಮ್ತಿಯಾಜ್ ಕಿತ್ತೂರ ಎಂಬವರು, ಐವತ್ತರ ಆಸುಪಾಸಿನ ಸಮಾಧಾನದ ಮನುಷ್ಯ. ದೊಡ್ಡ ಕೋಣೆಯ ಗೋಡೆಯ ತುಂಬ ಪರದೆಗಳು, ಅವುಗಳ ಮೇಲೆ ನಾಲ್ಕು ನೂರು ಜೋಡಿಗಳ ಗೆರೆಗಳು. ನಮ್ಮದನ್ನು ದೊಡ್ಡದು ಮಾಡಿ ತೋರಿಸಿ, ಇಡೀ ಕೇಂದ್ರದಲ್ಲೇ ಇಷ್ಟು ಚಂದದ ಗೆರೆ ಇನ್ನೊಂದಿಲ್ಲ ಎಂದರು. ನಾನು ನನ್ನ ಗಂಡನ ಕುತ್ತಿಗೆಯ ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು.

ಬೇರೆಯವರು ಕಟ್ಟಿಕೊಂಡರೆ ಯಂತ್ರಕ್ಕೆ ತಿಳಿಯುವುದಿಲ್ಲವೇ ಎಂದು ಕೇಳಿದೆ. ಒಮ್ಮೆಲೇ ಬದಲಿಸಿದರೆ ತಿಳಿಯುತ್ತದಂತೆ. ಆದರೆ ವಯಸ್ಸು, ಊಟ, ಹವಾಮಾನಕ್ಕೆ ತಕ್ಕಂತೆ ಬೆವರು ಬದಲಾಗುವುದರಿಂದ ಯಂತ್ರ ಸ್ವಲ್ಪ ಸ್ವಲ್ಪವೇ ಒಗ್ಗಿಕೊಳ್ಳುತ್ತದೆ. ಒಂದೇ ಮನೆಯ ಊಟ ಉಣ್ಣುವವರು ಮೊದಲು ಅರ್ಧ ತಾಸು, ಆಮೇಲೆ ಒಂದು ತಾಸು, ಎರಡು ತಾಸು ಎಂದು ಕಟ್ಟಿಕೊಳ್ಳುತ್ತ ಬಂದರೆ, ಮಜ್ಜಿಗೆಗೆ ನೀರು ಬೆರೆಸಿದ ಹಾಗೆ, ಯಾವ ದಿನ ತೋಳು ಬದಲಾಯಿತೆಂದು ಹೇಳಲಾಗದು. ಕೆಲಸದ ಜಾಗದಲ್ಲಿ ಅಂಗಿಯ ತೋಳು ಸರಿಸಿ ನೋಡುವವರೂ ಇಲ್ಲ. ಇದನ್ನು ಹೇಳಿ ಇಮ್ತಿಯಾಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ದೂರು ಕೊಡಬಹುದು ಎಂದರು. ಕೊಟ್ಟರೆ ಸಮಿತಿ ಕೂಡಬೇಕು, ಅವನಿಗೆ ನೋಟಿಸು ಹೋಗಬೇಕು, ಕಡಿಮೆಯೆಂದರೂ ಹದಿನೈದು ದಿನ. ಅಲ್ಲಿಯವರೆಗೆ ಅವನು ಕೆಲಸದ ಮೇಲೇ ಇರುತ್ತಾನೆ. ಕೊನೆಗೆ ಅವನು ಬಿದ್ದದ್ದು ನಿಜವೆಂದಾದರೆ ನನ್ನ ದಿನಗಳೂ ಸೊನ್ನೆ. ತಕ್ಷಣ ನಿಲ್ಲಿಸಲು ದಾರಿಯೇ ಇಲ್ಲವೇ ಎಂದೆ. ಒಂದಿದೆ: ಜೋಡಿಯಲ್ಲೊಬ್ಬರು ತಾವಾಗಿ ಬಿದ್ದೆ ಎಂದು ಒಪ್ಪಿಕೊಂಡು, ಮನೆಯವರೊಬ್ಬರು ಹೌದೆಂದರೆ, ಹತ್ತು ನಿಮಿಷದಲ್ಲಿ ಇಬ್ಬರ ಪರವಾನಗಿಯನ್ನೂ ತಡೆಹಿಡಿಯಲಾಗುತ್ತದೆ, ಇಬ್ಬರಿಗೂ ರಕ್ತ ಪರೀಕ್ಷೆ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂಬಂತೆ ನನ್ನನ್ನು ನೋಡಿದರು.

"ಮೇಡಂ, ಇನ್ನ ಮೂವತ್ತೇಳು ದಿನ ಐತಿ. ನೀವು ಏನೂ ನೋಡಿಲ್ಲ, ನಾನೂ ಏನೂ ಕೇಳಿಲ್ಲ. ಮನಿಗೆ ಹೋಗ್ರಿ."

ಅವನು ಏನು ಕೆಲಸ ಮಾಡುತ್ತಾನೆ ಎಂದು ಕೇಳಿದೆ. ಹೇಳುವಂತಿಲ್ಲ ಎಂದರು. ಬಾಗಿಲವರೆಗೆ ಕಳಿಸಲು ಬಂದವರು ದನಿ ತಗ್ಗಿಸಿದರು. "ನಿಮ್ಮ ಥಿಯೇಟರಿನ್ಯಾಗ ಒಬ್ಬರು ಮಲಗಿರ್ತಾರ. ಅಂವ ಕೆಲಸ ಮಾಡೋ ಜಾಗಾದಾಗ ಒಬ್ಬರಲ್ರಿ."

ಮಂಗಳವಾರ ನಾನು ಯಾರಿಗೂ ಏನೂ ಹೇಳಲಿಲ್ಲ. ಬುಧವಾರವೂ ಹೇಳಲಿಲ್ಲ. ಇದನ್ನು ಮುಚ್ಚಿಟ್ಟು ದೊಡ್ಡವಳಾಗುವ ಆಸೆ ನನಗಿಲ್ಲ. ಮೂವತ್ತಾರು, ಮೂವತ್ತೈದು ಎಂದು ಬೆರಳು ಮಡಚುತ್ತ ಕೂತೆ. ಆಕಾಶದಲ್ಲಿ ವಿಮಾನ ಹೋದರೆ ಅವನೇ ಓಡಿಸುತ್ತಿದ್ದಾನೆ ಎನಿಸುತ್ತಿತ್ತು. ಆಸ್ಪತ್ರೆಯ ಲಿಫ್ಟು ಹತ್ತಲು ಹೆದರಿ, ಪತ್ರಗಳನ್ನು ವಾರ್ಡಿಗೆ ಮುಟ್ಟಿಸಲು ನಾಲ್ಕು ಮಹಡಿ ಮೆಟ್ಟಿಲೇರಿದೆ. ಅಂಬುಲೆನ್ಸು ಕೂಗಿದಾಗಲೆಲ್ಲ ಎಷ್ಟು ಜನ ಎಂದು ಎದ್ದು ಕೇಳಿದೆ. ಬುಧವಾರ ಪಟ್ಟಿ ಬಿಗಿದಾಗ ಬೇಕೆಂದೇ ಒತ್ತಲಿಲ್ಲ. ಇನ್ನು ಸುಳ್ಳಿಗೆ ಮೊಹರು ಹಾಕಲಾರೆ ಎಂದು ಹಟ ಮಾಡಿದೆ. ಆಚೆ ಕಡೆಯ ನಾಡಿ ಕಂಗೆಟ್ಟು ಇನ್ನೂ ಜೋರಾಯಿತು. ಯಾರೋ ಹೆಣ್ಣುಮಗಳು ಕೈಚಾಚಿದ್ದನ್ನು ಕಂಡೂ ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಂತೆ ಅನಿಸಿತು. ಎರಡೇ ನಿಮಿಷ ತಡೆದೆ, ಆಮೇಲೆ ಒತ್ತಿದೆ.

ಗುರುವಾರ ಒಂದೂವರೆಗೆ ಬಿಗಿದ ಪಟ್ಟಿ ಸಡಿಲಲೇ ಇಲ್ಲ. ಒಂದೂ ಐವತ್ತಾಯಿತು. ಎರಡಾಯಿತು. ಒತ್ತಿದರೂ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಬಾಗಿಲು ತೆರೆದಿದ್ದರೆ ಇಳಿಯಬೇಕಿತ್ತು. ತೆರೆದೂ ಇಳಿಯದಿದ್ದರೆ, ಹೊರಬಂದ ಮನುಷ್ಯ ನೆಟ್ಟಗಿರಲಿಲ್ಲ ಎಂದೇ ಅರ್ಥ. ದಿನವೂ ಇದೇ ಹೊತ್ತೆಂದರೆ ಎರಡರ ಪಾಳಿಗೆ ಮೊದಲೇ ಇರಬೇಕು; ಹಾಗೇ ಕೆಲಸಕ್ಕೆ ಹೋಗಿದ್ದಾನೆ, ಹೊರಗೆ ನಿಂತವಳಿಂದ ತಡೆಯಲಾಗಲಿಲ್ಲ. ನಾನು ಅರ್ಧ ತುಂಬಿದ ಪತ್ರವನ್ನು ಮೇಜಿನ ಮೇಲೇ ಬಿಟ್ಟು ಆಟೋ ಹತ್ತಿದೆ.

ಶ್ರೀಶೈಲರ ಶಾಲೆ ಆಸ್ಪತ್ರೆಯಿಂದ ಹತ್ತು ನಿಮಿಷ. ಒಂಬತ್ತನೆಯ ತರಗತಿಯ ಬಾಗಿಲಲ್ಲಿ ನನ್ನನ್ನು ಕಂಡು ಅವರ ಕೈಯ ಸೀಮೆಸುಣ್ಣ ಕಪ್ಪು ಹಲಗೆಯ ಮೇಲೇ ನಿಂತುಬಿಟ್ಟಿತು. ಮಧ್ಯಾಹ್ನದ ಎರಡು ಗಂಟೆಗೆ ನಾನು ಅಲ್ಲಿಗೆ ಬರಲು ಒಂದೇ ಕಾರಣವಿರಲು ಸಾಧ್ಯ ಎಂದು ಅವರು ಎಷ್ಟೋ ದಿನಗಳಿಂದ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿರಬೇಕು. ಪಡಸಾಲೆಗೆ ಬಂದರು.

"ಬಿದ್ದಿಯೇನು?"

"ಇಲ್ಲ. ಆದ್ರ ಬಿದ್ದೀನಿ ಅಂತ ಹೇಳಾಕ ಬಂದೀನಿ. ನೀವೂ ಹೌದನ್ನಬೇಕು."

ಆಚೆ ತೋಳಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಬಾಗಿಲ ಹೊರಗೆ ನಿಂತು ಕೇಳುವವರ ನಾಡಿ ಎಂದಾಗ ಅವರು ತಲೆ ತಗ್ಗಿಸಿದರು. ಒಂಬೈನೂರ ಅರವತ್ತಾರು ದಿನ ಹೋಗುತ್ತದೆ, ಮತ್ತೆ ಸಾವಿರ ಎಣಿಸಬೇಕು ಎಂದೆ. ನಾನೇ ಸುಳ್ಳು ಹೇಳುತ್ತಿರಬಹುದು, ನಿಜಕ್ಕೂ ಬಿದ್ದು ಈ ಕಥೆ ಹೆಣೆದಿರಬಹುದು ಎಂದು ಅವರಿಗೆ ಅನ್ನಿಸಿದರೆ ತಪ್ಪೇನು? ಚಟದ ಕಾಲದಲ್ಲಿ ಇದಕ್ಕಿಂತ ನಯವಾದ ಸುಳ್ಳುಗಳನ್ನು ಅವರ ಮುಂದೆ ಹೇಳಿದವಳು ನಾನು. ಪಡಸಾಲೆಯಲ್ಲಿ ಬಿಸಿಲು ಬೇಕಾದಷ್ಟಿತ್ತು. ಅವರು ನನ್ನ ಕಣ್ಣು ನೋಡಲಿಲ್ಲ. "ಫೋನ್ ಹಚ್ಚು" ಎಂದರು.

ಇಮ್ತಿಯಾಜ್ ಫೋನಿನಲ್ಲಿ ಮುಖ ಕಾಣಿಸಿದರು. ನಾನು ಬಿದ್ದೆ ಎಂದೆ. ಅವರು ಕನ್ನಡಕ ಹಾಕಿಕೊಂಡು, ಕಚೇರಿಯ ಗಡಸು ದನಿಯಲ್ಲಿ, ಮನೆಯವರು ಹೇಳಲಿ ಎಂದರು. ಶ್ರೀಶೈಲ ಫೋನು ಇಸಕೊಂಡರು.

"ಹೌದ್ರಿ. ನನ್ನ ಹೆಂಡತಿ ಬಿದ್ದಾಳ. ನಾ ಕಣ್ಣಾರೆ ಕಂಡೀನಿ."

ಮಕ್ಕಳಿಗೆ ಗುಣಿಸುವುದರಲ್ಲಿ ಕೂಡ ಸುಳ್ಳು ಉತ್ತರ ಬರೆಸದ ಮನುಷ್ಯ. ಮೂರು ವರ್ಷ ಯಾವ ಮಾತು ಬಾಯಿಗೆ ಬಾರದಿರಲಿ ಎಂದು ಹಗಲೆಲ್ಲ ಕಾದರೋ ಆ ಮಾತನ್ನು ಒಂದು ಅಕ್ಷರ ತಡವರಿಸದೆ ಹೇಳಿದರು. ಫೋನು ನನ್ನ ಕೈಗಿಟ್ಟು ತರಗತಿಯ ಒಳಗೆ ಹೋದರು, ಅರ್ಧಕ್ಕೆ ನಿಂತ ಲೆಕ್ಕ ಮುಗಿಸಿದರು. ಎರಡೂ ಹದಿನೆಂಟಕ್ಕೆ ನನ್ನ ಪಟ್ಟಿ ತಣ್ಣಗಾಯಿತು.

ಆಮೇಲೆ ತಿಳಿದದ್ದು ಇಷ್ಟು. ಅವನು ಘಟಪ್ರಭೆಯ ಆಚೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನಡೆಸುವವನು, ಹೆಸರು ಸಂಗಪ್ಪ. ಬೆನ್ನುನೋವಿಗೆಂದು ಶುರುವಾದ ಮಾತ್ರೆ. ಆ ದಿನ ಎರಡು ಗಂಟೆಯ ಪಾಳಿಗೆ ಕೂತಿದ್ದ. ಎರಡೂ ಹದಿನೆಂಟಕ್ಕೆ ಅವನ ಪರವಾನಗಿಯ ಕಾರ್ಡು ಕೆಲಸ ನಿಲ್ಲಿಸಿತು, ಮುಖ್ಯಸ್ಥರು ಬೇರೆಯವನನ್ನು ಕೂರಿಸಿದರು. ನೀರಿನ ಮಟ್ಟ ಸರಿಯಾಗಿಯೇ ಇತ್ತು, ಒತ್ತಡವೂ ಸರಿ ಇತ್ತು. ಕಬ್ಬು ಅರೆಯುವುದು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ದಿನಗಳನ್ನು ತೆತ್ತು ಏನನ್ನು ತಪ್ಪಿಸಿದೆ ಎಂದು ಕೇಳಿದರೆ ತೋರಿಸಲು ನನ್ನ ಬಳಿ ಏನೂ ಇಲ್ಲ. ಅರಿವಳಿಕೆಯಲ್ಲೂ ಹಾಗೇ, ಎಲ್ಲ ಸರಿಹೋದರೆ ರೋಗಿಗೆ ನಮ್ಮ ಹೆಸರೂ ನೆನಪಿರುವುದಿಲ್ಲ. ಆದರೂ ನನಗೆ ಒಳಗೊಳಗೇ ಉರಿಯಿತು.

ಮೂರು ವಾರದ ಬಳಿಕ ಧಾರವಾಡದಲ್ಲಿ ವಿಚಾರಣೆ. ನನ್ನ ರಕ್ತ ಶುದ್ಧ, ಅವನದು ಅಲ್ಲ. ಸುಳ್ಳು ಒಪ್ಪಿಗೆ ಕೊಟ್ಟದ್ದಕ್ಕೆ ಸಮಿತಿಯ ಮೂವರೂ ನನ್ನನ್ನು ಚೆನ್ನಾಗಿ ಬೈದರು, ಮೇಷ್ಟ್ರಾಗಿ ಇಂಥದಕ್ಕೆ ಕೂಡಿಕೊಂಡರಲ್ಲ ಎಂದು ಶ್ರೀಶೈಲರಿಗೂ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಕಟ್ಟುಪಾಡು ಕಟ್ಟುಪಾಡೇ ಎಂದರು. ಸಂಗಪ್ಪ ಆರು ತಿಂಗಳು ಚಿಕಿತ್ಸಾ ಕೇಂದ್ರದಲ್ಲಿ. ನನಗೆ ಹೊಸ ಜೋಡಿ, ನಾಳೆಯಿಂದ ಮೊದಲ ದಿನ. ಸರಿ ಎಂದು ಸಹಿ ಹಾಕಿ ಹೊರಗೆ ಬಂದೆ.

ಹೊರಗಿನ ಬೆಂಚಿನ ಮೇಲೆ ಶ್ರೀಶೈಲ ನನಗೆ ಬೆನ್ನು ಮಾಡಿ ಕೂತಿದ್ದರು. ಪಕ್ಕದಲ್ಲಿ ಮೂವತ್ತೈದರ ಆಸುಪಾಸಿನ ಹೆಂಗಸು, ಸೆರಗು ಬಿಗಿಯಾಗಿ ಹೊದ್ದಿದ್ದಳು. ಅವಳು ಸಂಗಪ್ಪನ ಹೆಂಡತಿ ಕಲಾವತಿ ಎಂದು ಕೇಳದೆಯೇ ತಿಳಿಯಿತು. ಗಂಡ ಬಚ್ಚಲಲ್ಲಿ ಮಾತ್ರೆ ನುಂಗುವಾಗ ಹೊರಗೆ ನಿಂತು, ಒಳಗೆ ಬಿದ್ದ ಸದ್ದು ಬರುತ್ತದೋ ಎಂದು ಕೇಳುತ್ತಿದ್ದುದನ್ನು ಅವಳು ಹೇಳುತ್ತಿದ್ದಳು. ನಲ್ಲಿಯ ಸದ್ದು ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತಂತೆ. ನಲ್ಲಿಯ ವಿಷಯ ಬಂದಾಗ ಶ್ರೀಶೈಲ ತಲೆಯಾಡಿಸಿದ್ದು ಕಂಡೆ. ಅದು ಅವರಿಗೂ ಗೊತ್ತಿತ್ತು.

"ಆದ್ರ ಒಂದು ಹೇಳ್ತೀನ್ರಿ ಸರ, ಯಾರೋ ಆ ಕಡಿಂದ ದಿನಾ ಒತ್ತತಿದ್ರು. ಕೈ ಹಿಡದಂಗ ಆಗತಿತ್ತು. ಅಷ್ಟರ ಮ್ಯಾಲ ದಿನ ಕಳದೀನಿ," ಎಂದಳು. ಆಮೇಲೆ ಅವರ ಕಡೆ ತಿರುಗಿ ಕೇಳಿದಳು: "ನಿಮಗ ಯಾರು ಒತ್ತತಿದ್ರು ಸರ?"

ಶ್ರೀಶೈಲ ತಮ್ಮ ಬರಿಯ ಎಡತೋಳನ್ನು ಸವರಿಕೊಂಡರು.

"ನನಗ ಪಟ್ಟಿ ಇದ್ದಿಲ್ರಿ" ಎಂದರು.

ನನಗೆ ನಾಚಿಕೆಯಾಯಿತು. ದಿನಗಳನ್ನೆಲ್ಲ ನಾನೊಬ್ಬಳೇ ಎಣಿಸಿದೆ ಎಂದು ಇಷ್ಟು ದಿನ ಜಂಬಪಟ್ಟಿದ್ದೆ, ಕಳೆದುಕೊಂಡೆ ಎಂದು ಮೂರು ವಾರ ಮುಖ ಊದಿಸಿಕೊಂಡಿದ್ದೆ. ಹೋಗಿ ಅವರ ಇನ್ನೊಂದು ಪಕ್ಕಕ್ಕೆ ಕೂತೆ. ಕಲಾವತಿ ನನ್ನ ತೋಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಸರಿದು ನಮ್ಮಿಬ್ಬರಿಗೂ ಜಾಗ ಮಾಡಿಕೊಟ್ಟಳು. ನಾನು ಗಂಡನಿಗೆ, ಮೊದಲ ದಿನದಿಂದ ಹೇಳ್ರಿ, ನಾ ಕೇಳ್ತೀನಿ ಎಂದೆ. ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕಲಾವತಿಯೂ ನಾನೂ ಕಾಯುತ್ತ ಕೂತೆವು.